ತೊಗರಿ ಹೊಲದಲ್ಲಿ ಪಾತರಗಿತ್ತಿ ಎಣಿಕೆ

ಆಳಂದ
೨೦ ಫೆಬ್ರುವರಿ ೧೯೯೯, ಶನಿವಾರ

ಪ್ರೀತಿಯ ನಜಮುನ್ನಿಸಾ,

ನಿನ್ನ ಸುಂದರಬಾಯಿಯ ಶರಣು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಮಸಿ ಕಾಣುತ್ತದಲ್ಲ, ಅದೇ. ನಿನ್ನ ಪತ್ರ ಈದ್ ಆದ ಮರುದಿನ ಬಂತು, ಇವತ್ತಿಗೆ ಒಂದು ತಿಂಗಳು. ಉತ್ತರ ಬರೆಯಲು ಹೊತ್ತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಾಲೆಯಿಂದ ಬಂದು ಗೋಡೆ ನೋಡುತ್ತ ಕೂಡುವವಳಿಗೆ ಹೊತ್ತಿಗೇನು ಬರ? ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಸಿಟ್ಟಾಗಬೇಡ. ಸಿಟ್ಟಾದರೂ ನಾನೇನು ಬೇಡ ಅನ್ನಲಾರೆ.

ನಿನ್ನ ಯಜಮಾನರು ಚಮನಸಾಬರು ಈಗ ಎಡಗೈಯಿಂದ ತಾವೇ ಉಣ್ಣುತ್ತಾರೆ, ಗೋಡೆ ಹಿಡಿದು ಬಾಗಿಲ ತನಕ ಬರುತ್ತಾರೆ ಎಂದು ಬರೆದಿದ್ದೀ. ಓದಿ ಎಷ್ಟೋ ಸಮಾಧಾನವಾಯಿತು. ಆದರೆ ಮಾತಿಗೆ ಬಾಯಿ ತಿರುಗಿಲ್ಲ, ಇನ್ನು ತಿರುಗುವುದೂ ಇಲ್ಲ ಎಂದು ಸೋಲಾಪುರದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರಂತೆ. ಅದರ ಕೆಳಗೆ ನೀನು ಕೇಳಿದ್ದೀ: "ಅಕ್ಕಾ, ಅವರು ಕಡೀಕ ಏನು ಮಾತಾಡಿದ್ರು? ನನ್ನ ಹೆಸರು ತಗೊಂಡ್ರಾ? ದೇವರ ಹೆಸರು ತಗೊಂಡ್ರಾ? ಆ ಒಂದು ಮಾತು ನನಗ ಬೇಕು. ಅಲ್ಲಿ ನಿಂತಿದ್ದಾಕಿ ನೀ ಒಬ್ಬಾಕಿನೇ." ಬರುವ ತಿಂಗಳು ಹದಿನೆಂಟಕ್ಕೆ ಅಫಜಲಪುರದ ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆ. ಅದಕ್ಕಿಂತ ಮೊದಲು ನಿನಗೆ ಹೇಳಬೇಕಲ್ಲ, ಹೇಳುತ್ತೇನೆ.

ಮೊದಲು ಊರ ಸುದ್ದಿ. ನೀವಿಬ್ಬರೂ ನಿನ್ನ ಅಣ್ಣನ ಮನೆಗೆ ಹೋದ ಮೇಲೆ ನಿಮ್ಮ ಗಡಿಯಾರದ ಅಂಗಡಿಯ ಬೀಗಕ್ಕೆ ತುಕ್ಕು ಹಿಡಿದಿದೆ. ನಿನ್ನ ಅತ್ತೆ ಸುಲ್ತಾನಬಿ ದಿನಾ ಮಧ್ಯಾಹ್ನ ಬಂದು ಆ ಕಟ್ಟೆಯ ಮೇಲೆ ಕೂಡುತ್ತಾರೆ. ಹೋದ ವಾರ ನಮ್ಮ ಅಣ್ಣಾರಾಯರು ಆ ದಾರಿಯಲ್ಲಿ ಬಂದರು. ಗೊತ್ತಲ್ಲ, ತಹಸೀಲ ಕಚೇರಿಯಿಂದ ರಿಟೈರ್ ಆದ ಮೇಲೆ ನಮ್ಮನ್ನೆಲ್ಲ ಕಟ್ಟಿಕೊಂಡು ಪಾತರಗಿತ್ತಿ ಎಣಿಸಲು ಹೊರಟವರು ಅವರೇ. ಮುದುಕಿ ಎದ್ದು ಕಾಲಿನ ಚಪ್ಪಲಿ ತೆಗೆದು ಅವರ ಮುಖಕ್ಕೆ ಹೊಡೆದರು. "ನನ್ನ ಮಗನ್ನ ಕೊಲ್ಲಾಕ ಬಿಟ್ಟು ಓಡಿ ಬಂದಿಯಲ್ಲಲೇ, ನೀ ಗಂಡಸೇನು?" ಅಂತ ಒಂದಾದ ಮೇಲೊಂದು ಏಟು. ಅಣ್ಣಾರಾಯರು ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ತಿಂದರು. ನಾನು ಬಿಡಿಸಲು ಹೋದರೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, "ನೀ ಒಬ್ಬಾಕಿ ಬೇ ನನ್ನ ಮಗನ ಬಾಜೂಕ ನಿಂತಾಕಿ" ಅಂದರು. ಕೈ ಬಿಡಿಸಿಕೊಂಡು ಮನೆಗೆ ಬಂದೆ.

ನನ್ನ ಸುದ್ದಿಯೂ ಚೆಂದಾಗಿಲ್ಲ ನಜಮಾ. ನನ್ನ ಸಿಟ್ಟು ನಿನಗೆ ಗೊತ್ತೇ ಇದೆ, ಆದರೆ ಈಗಿನದು ಬೇರೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ವಿಜ್ಞಾನದ ವಹಿಯಲ್ಲಿ ಒಣಗಿದ ಪಾತರಗಿತ್ತಿ ಇಟ್ಟುಕೊಂಡು ತೋರಿಸಲು ಬಂದಳು. ಡಸ್ಟರಿನ ಕಟ್ಟಿಗೆಯಿಂದ ಅವಳ ಬೆರಳ ಮೇಲೆ ಹೊಡೆದೆ. ಒಂದಲ್ಲ, ಏಳೆಂಟು. ಉಗುರು ಕಿತ್ತು ಬಂತು. ಪಕ್ಕದ ಕ್ಲಾಸಿನವರು ಬಂದು ಹಿಡಿದುಕೊಳ್ಳದಿದ್ದರೆ ನಿಲ್ಲಿಸುತ್ತಿರಲಿಲ್ಲ. ಅವಳ ತಾಯಿಯ ಕಾಲು ಮುಟ್ಟಿ ತಪ್ಪಾಯಿತು ಅಂದೆ. ಅಂಗಳದ ನಿಂಬೆ ಗಿಡದಲ್ಲಿ ಹಸಿರು ಹುಳ ಬಂದಿದ್ದವು, ಪಾತರಗಿತ್ತಿಯಾಗುವುದನ್ನು ನಾನೇ ವರ್ಷಾ ವರ್ಷಾ ಕಾದು ನೋಡುತ್ತಿದ್ದಂಥವು. ಒಂದೊಂದಾಗಿ ಕಲ್ಲಿನ ಮೇಲಿಟ್ಟು ಚಪ್ಪಲಿಯಿಂದ ಹೊಸಕಿದೆ. ತಮ್ಮ ದೌಲತರಾಯ ನೋಡಿ, "ಅಕ್ಕಾ, ನಿನಗ ತಲಿ ಕೆಟ್ಟದೇನು?" ಅಂದ. ಕೆಟ್ಟಿದೆ ಅಂದೆ.

ಇನ್ನು ಆ ದಿನದ್ದು.

ಎಣಿಕೆ ಹೇಗೆ ನಡೆಯುತ್ತಿತ್ತು ಅನ್ನುವುದು ನಿನಗೆ ಗೊತ್ತು. ತಿಂಗಳಿಗೊಂದು ಭಾನುವಾರ, ಬಿಸಿಲು ಏರಿದ ಮೇಲೆ ಒಂದು ತಾಸು. ನಿಧಾನ ನಡೆಯಬೇಕು, ಎಡಬಲ ಐದೈದು ಹೆಜ್ಜೆಯೊಳಗೆ ಹಾರಿದ್ದಷ್ಟೇ ಲೆಕ್ಕ. ಒಬ್ಬರು ಹೆಸರು ಕೂಗುವುದು, ಒಬ್ಬರು ವಹಿಯಲ್ಲಿ ಗೆರೆ ಎಳೆಯುವುದು. ಹೆಸರುಗಳೂ ನಮ್ಮವೇ. ಸಣ್ಣ ಹಳದಿಯದು ಅರಿಷಿಣ, ಎಕ್ಕೆ ಗಿಡದ ಮೇಲಿನದು ಕೇಸರಿಬಾಯಿ, ಕಪ್ಪು ರೆಕ್ಕೆಯ ಮೇಲೆ ಬಿಳಿ ಚಂದ್ರ ಇದ್ದದ್ದು ನವಾಬ. ಆ ನವಾಬ ಕಂಡರೆ ಚಮನಸಾಬರು ಸಲಾಂ ಹೊಡೆದು ನಗುತ್ತಿದ್ದರು. ಆರು ವರ್ಷ ಹೀಗೆ ಅಮರ್ಜಾ ಕೆರೆಯ ಹಿನ್ನೀರಿನ ದಂಡೆಯಲ್ಲಿ ನಡೆದೆವು. ಪುಣೆಯ ಒಂದು ಮಂಡಳಿಗೆ ಪ್ರತಿ ತಿಂಗಳು ಲೆಕ್ಕ ಕಳಿಸಿದೆವು. ಯಾರಿಗೂ ಬೇಡಾದವರು ಮಾಡುವ ಕೆಲಸ ಎಂದು ನೀನು ಚಾಷ್ಟಿ ಮಾಡುತ್ತಿದ್ದೆ. ಡಬ್ಬಿ ಮಾತ್ರ ನಾಲ್ಕು ಮಂದಿಗೆ ಸಾಕಾಗುವಷ್ಟು ಕಟ್ಟಿಕೊಡುತ್ತಿದ್ದೆ.

ತೊಂಬತ್ತೇಳರ ಡಿಸೆಂಬರ್. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದು ಹಿನ್ನೀರಿನ ದಾರಿ ಕೆಸರಾಗಿತ್ತು. ಈ ಸಲ ಅಫಜಲಪುರದ ಕಡೆ ಹೋಗೋಣ, ಗಾಣಗಾಪುರದ ರಸ್ತೆಯಲ್ಲಿ ಒಳ್ಳೆಯ ಹಳ್ಳ ಇದೆ ಎಂದವರು ಅಣ್ಣಾರಾಯರು. ಆ ಹಳ್ಳದ ದಂಡೆಯ ಊರ ಹೆಸರು ಬರೆಯಲು ಕೈ ಏಳುವುದಿಲ್ಲ. ನಮ್ಮ ಅಪ್ಪ ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದ ಊರು ಅದು. ಅಲ್ಲಿನವರಿಗೆ ನಾನು ಇನ್ನೂ ಮಾಸ್ತರ ಮಗಳೇ. ಆ ಧೈರ್ಯದ ಮೇಲೆ ನಾನೇ ಹೂಂ ಅಂದೆ. ಹೋದವರು ನಾಲ್ವರು: ನಾನು, ಚಮನಸಾಬರು, ಅಣ್ಣಾರಾಯರು, ಮತ್ತೆ ದನದ ದವಾಖಾನೆಯ ಮಲ್ಕಪ್ಪ.

ಆ ವರ್ಷ ತೊಗರಿಗೆ ಕೀಡಿ ಬಿದ್ದದ್ದು ನಿನಗೂ ನೆನಪಿರಬೇಕು. ಮೂರು ಸಲ, ನಾಲ್ಕು ಸಲ ವಿಷದ ಎಣ್ಣೆ ಹೊಡೆದರೂ ಹುಳ ಸಾಯಲಿಲ್ಲ. ನಾವು ಹೋದಾಗ ಹೊಲಗಳಲ್ಲಿ ತಾಡಪತ್ರಿ ಹಾಸಿ, ಗಿಡದ ಕುತ್ತಿಗೆ ಹಿಡಿದು ಜಾಡಿಸುತ್ತಿದ್ದರು. ಕೀಡಿ ಪಟಪಟ ಉದುರುತ್ತಿದ್ದವು, ಹೆಂಗಸರ ತಲೆಯ ಮೇಲೆ, ಕುಪ್ಪಸದೊಳಗೆ. ಬಕೆಟ್ಟುಗಟ್ಟಲೆ ಒಯ್ದು ಕುಣಿಗೆ ಸುರಿದು ಬೆಂಕಿ ಹಚ್ಚುತ್ತಿದ್ದರು. ಸುಟ್ಟ ವಾಸನೆ ಹಳ್ಳದ ತನಕ ಬರುತ್ತಿತ್ತು. ಅದನ್ನೆಲ್ಲ ಕಣ್ಣಾರೆ ನೋಡಿ, ಮೂಗು ಮುಚ್ಚಿಕೊಂಡು, ನಾವು ಬದುವಿನ ಮೇಲೆ "ಅರಿಷಿಣ ಹನ್ನೆರಡು, ಕೇಸರಿಬಾಯಿ ಮೂರು" ಎಂದು ಕೂಗುತ್ತ ನಡೆದೆವು. ಎಂಥ ಮಂದಿ ನಾವು! ಓದಿದವರು ಬೇರೆ! ಹಳ್ಳದ ತಿರುವಿನಲ್ಲಿ ನವಾಬ ಕಂಡ. ಚಮನಸಾಬರು ಸಲಾಂ ಹೊಡೆದು ಗಟ್ಟಿಯಾಗಿ ನಕ್ಕರು.

ಆ ನಗು ಪೀರಪ್ಪನಿಗೆ ಕೇಳಿತು. ಆ ಹೊಲ ಅವನದು. ಬೆನ್ನಿಗೆ ಎಣ್ಣೆಯ ಪಂಪು ಕಟ್ಟಿಕೊಂಡೇ ಬಂದ, ಹಿಂದೆ ಹದಿನೈದಿಪ್ಪತ್ತು ಮಂದಿ.

"ಏನು ಎಣಿಸಾಕತ್ತೀರಿ?" ಅಂದ.

ಅಣ್ಣಾರಾಯರು ಹಲ್ಲು ಕಿರಿದು, "ಪಾತರಗಿತ್ತಿ ರೀ, ಎಷ್ಟದಾವ ಅಂತ" ಅಂದರು.

"ಪಾತರಗಿತ್ತಿ ತತ್ತಿ ಇಟ್ಟು ಕೀಡಿ ಆಗ್ತಾವು ಅಂತ ಮಲಿ ಕುಡಿಯೋ ಕೂಸಿಗೂ ಗೊತ್ತದ. ನಮ್ಮ ಹೊಲ ಉಂಡು ಹೋದ್ವು. ಎಷ್ಟು ಉಳದಾವ ಅಂತ ಲೆಕ್ಕಾ ಹಿಡಿಯಾಕ ಬಂದೀರಿ? ಜೋಪಾನ ಮಾಡಾಕ ಬಂದೀರಿ?"

ತೊಗರಿಯ ಕೀಡಿ ಬೇರೆ, ಅದು ಸಂಜೆಗೆ ಹಾರುವ ಪತಂಗದ್ದು ಎಂದು ನಾನು ಪಾಠ ಶುರು ಮಾಡಿದೆ. ಯಾರು ಕೇಳುತ್ತಾರೆ? ಮೊದಲ ಕಲ್ಲು ಮಲ್ಕಪ್ಪನ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿದು ಅವನು ಹಳ್ಳಕ್ಕೆ ಜಿಗಿದು ಓಡಿದ. ಅವನ ಹಿಂದೆ ಅಣ್ಣಾರಾಯರು. ಚಮನಸಾಬರು ಓಡಲಿಲ್ಲ. ನನ್ನನ್ನು ಬಿಟ್ಟು ಹೋಗಲಾರದೆ ನಿಂತರು.

ಪೀರಪ್ಪ ನನ್ನ ಗುರುತು ಹಿಡಿದ. "ಇವರು ನಮ್ಮ ಮಾಸ್ತರ ಮಗಳದಾರ, ಇವರಿಗಿ ಯಾರೂ ಕೈ ಹಚ್ಚಬ್ಯಾಡ್ರಿ. ಅಕ್ಕಾರ, ನೀವು ಆ ಕಡಿ ನಿಂದರ್ರಿ" ಅಂದ. ಅಷ್ಟರಲ್ಲಿ ಒಬ್ಬ ಬನ್ನಿ ಗಿಡದ ಬುಡದಲ್ಲಿದ್ದ ನಮ್ಮ ಚೀಲ ಎತ್ತಿ ತಲೆಕೆಳಗೆ ಮಾಡಿದ. ರೊಟ್ಟಿ ಬಿತ್ತು, ವಹಿ ಬಿತ್ತು, ಒಂದು ಗಾಜಿನ ಬಾಟಲಿ ಬಿತ್ತು. ಬಾಟಲಿಯಲ್ಲಿ ತೊಗರಿಯ ಟೊಂಗೆ, ನಾಲ್ಕು ಕಾಯಿ. ಕಾಯಿಯ ಮೇಲೆ ಮೂರು ಹಸಿರು ಹುಳ.

"ಯಾರದಿದು?" ಅಂದ ಪೀರಪ್ಪ. ಯಾರೋ "ಚಮನಸಾಬರದು" ಅಂದರು.

ಆಮೇಲಿನದು ಬರೆಯಬಾರದು, ಆದರೆ ನೀನು ಕೇಳಿದ್ದೀ. ಬಡಿಗೆಯಿಂದ ಮೊಳಕಾಲಿಗೆ ಹೊಡೆದು ಕೆಡವಿದರು. ಕೈಕಾಲು ಹಿಡಿದು ಎತ್ತಿ ತಾಡಪತ್ರಿಯ ಮೇಲೆ ಗಿಡ ಜಾಡಿಸಿದಂತೆ ಜಾಡಿಸಿದರು. "ಉದುರ್ತಾವೇನು ನೋಡ್ರಲೇ, ಎಷ್ಟು ಕೀಡಿ ಸಾಕ್ಯಾನ!" ಎಂದು ಒಬ್ಬ ಕೂಗಿದ, ಹೆಂಗಸರು ನಕ್ಕರು. ನಿಜ ನಜಮಾ, ನಕ್ಕರು. ಬಲಗೈ ಭುಜದಿಂದ ಕಳಚಿದ ಸಪ್ಪಳ ನನಗೆ ಕೇಳಿತು. ಪೀರಪ್ಪ ಪಂಪಿನ ಮೂತಿ ಅವರ ಮುಖಕ್ಕೆ ಹಿಡಿದು ಎಣ್ಣೆ ಬಿಟ್ಟ, ಕಣ್ಣಿಗೆ, ಬಾಯಿಗೆ. ಎದ್ದು ಕೂಡಲು ನೋಡಿದರು. ಯಾವನೋ ಹಿಂದಿನಿಂದ ಬಂದು ಸಲಿಕೆಯ ಕಾವಿನಿಂದ ತಲೆಗೆ ಹಾಕಿದ. ಒಂದೇ ಏಟು. ಪೀರಪ್ಪ ಪಂಪು ಬಿಚ್ಚಿ ಕೆಳಗಿಟ್ಟ. ತಾಸಿನ ಮೇಲೆ ಊರವರದೇ ಬಂಡಿಯಲ್ಲಿ ಚಮನಸಾಬರನ್ನು ಹಾಕಿಕೊಂಡು ರಸ್ತೆಗೆ ಬಂದೆವು. ವಹಿಯನ್ನು ಕೀಡಿಯ ಕುಣಿಗೆ ಒಗೆದು ಸುಟ್ಟಿದ್ದರು.

ಅವರು ಕೊನೆಗೆ ಏನು ಮಾತಾಡಿದರೋ ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ನಿನ್ನ ಹೆಸರೇ ಇರಬೇಕು. ಬೇರೆ ಯಾರ ಹೆಸರು ಹೇಳುತ್ತಾರೆ?

ಆಸ್ಪತ್ರೆಗೆ ನೋಡಲು ಬರಲಿಲ್ಲ ಎಂದು ನಿನ್ನ ಮನಸ್ಸಿನಲ್ಲಿದೆ. ಬಂದಿದ್ದೆ. ಗೇಟಿನ ತನಕ ಬಂದು, ಬಾಳೆಹಣ್ಣನ್ನು ಅಲ್ಲೇ ಕೂತಿದ್ದ ಭಿಕ್ಷುಕಿಗೆ ಕೊಟ್ಟು, ಬಂದ ಬಸ್ಸಿಗೇ ತಿರುಗಿ ಹೋದೆ.

ಅವರ ಎಡಗೈಗೆ ಶಕ್ತಿ ಬರಲಿ. ನಿನ್ನ ಮೈ ಸವೆಯದಿರಲಿ. ನಿನ್ನ ಅಣ್ಣನ ಮನೆ ತುಂಬಿರಲಿ, ನಿಮ್ಮಿಬ್ಬರನ್ನೂ ಅವನು ಭಾರ ಅಂದುಕೊಳ್ಳದಿರಲಿ. ಬಸವಣ್ಣ ಒಳ್ಳೆಯದು ಮಾಡಲಿ ಎಂದು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಬರೆದಿದ್ದೇನೆ.

ನಿನ್ನ ಅಕ್ಕ,
ಸುಂದರಬಾಯಿ

ತಾ. ಕ. — ಲಕೋಟೆ ಅಂಟಿಸಿ ಅಂಚೆ ಡಬ್ಬಿಯ ತನಕ ಹೋಗಿದ್ದೆ. ತಿರುಗಿ ಬಂದು ಹರಿದು ತೆಗೆದೆ. ಮೇಲೆ "ಯಾರೋ" ಅಂದರು ಎಂದು ಬರೆದದ್ದು ಸುಳ್ಳು. ಅಂದವಳು ನಾನು.

ಬಾಟಲಿ ನನ್ನದು. ತೊಗರಿಯ ಕಾಯಿಯೊಳಗೆ ಪತಂಗದ ಕೀಡಿಯಲ್ಲದೆ ಒಂದು ಸಣ್ಣ ನೀಲಿ ಪಾತರಗಿತ್ತಿಯ ಹುಳವೂ ಇರುತ್ತದೆ. ಅದನ್ನು ಬೆಳೆಸಿ ಶಾಲೆಯ ಹುಡುಗಿಯರಿಗೆ ತೋರಿಸಬೇಕೆಂದು ಪೀರಪ್ಪನ ಹೊಲದಿಂದಲೇ ಟೊಂಗೆ ಮುರಿದುಕೊಂಡಿದ್ದೆ. ಎಣ್ಣೆಗೂ ಸಾಯದ ಹುಳ ತಿಂದು ಉಳಿದ ಗಿಡದಿಂದ, ಕೇಳದೆ, ಕದ್ದು. ಅವನು "ಯಾರದಿದು?" ಅಂದಾಗ ನಾನು ಆಗಲೇ ಸುರಕ್ಷಿತವಾಗಿ ಆ ಕಡೆ ನಿಂತಿದ್ದೆ. ನನ್ನದು ಅಂದಿದ್ದರೆ ಅವರು ಉಗುಳುತ್ತಿದ್ದರು, ಹೊಡೆಯುತ್ತಿರಲಿಲ್ಲ. ಹೆದರಿ ಹೇಳಿದ್ದಲ್ಲ ನಜಮಾ, ಹೆದರಿಕೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಚಿಕೆಯಾಯಿತು. ಮಾಸ್ತರ ಮಗಳು ಕದ್ದಳು ಅನ್ನಿಸಿಕೊಳ್ಳಲಾರದೆ ನಿನ್ನ ಗಂಡನನ್ನು ತೋರಿಸಿದೆ.

ಹೋದ ತಿಂಗಳು ಜಾಮೀನಿನ ಮೇಲಿರುವ ಪೀರಪ್ಪ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ನಿಮ್ಮ ಹೆಸರು ನಾವ್ಯಾರೂ ತಗದಿಲ್ರಿ ಅಕ್ಕಾರ, ನೀವು ನಮ್ಮವರು" ಅಂದ. ಹದಿನೆಂಟಕ್ಕೆ ಕೋರ್ಟಿನಲ್ಲಿ ನನ್ನ ಹೆಸರು ನಾನೇ ತೆಗೆದು ಹೇಳುತ್ತೇನೆ. ಈ ಕಾಗದವನ್ನು ನಿಮ್ಮ ವಕೀಲರಿಗೆ ಕೊಡು. ಆವತ್ತು ನಾನು ಮಾತು ತಪ್ಪಿದರೆ ಇದನ್ನು ಓದಿಸು.

ಅವರ ಮಾತು ಕೇಳಿಸಲಿಲ್ಲ ಅನ್ನುವುದೂ ಸುಳ್ಳು. ನಾನು ಅವರ ಹೆಸರು ಹೇಳಿದಾಗ ಅವರು ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಪೀರಪ್ಪನ ಕಡೆ ತಿರುಗಿ, "ಹೌದ್ರಿ, ನಂದೇ ಅದ. ಅಕ್ಕಾರನ್ನ ಮನಿಗಿ ಕಳಸ್ರಿ" ಅಂದರು. ಅದೇ ಕೊನೆಯ ಮಾತು. ಅದರ ಮೇಲೆ ಬಂದದ್ದೆಲ್ಲ ಬರೀ ಚೀರಾಟ. ಅದರಲ್ಲಿ ನಿನ್ನ ಹೆಸರು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕಿವಿ ಮುಚ್ಚಿಕೊಂಡಿದ್ದೆ.