ಅಕ್ಕಾರಿಗೆ ಕೇಳಸ್ತದ

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ಎರಡು ಬ್ಲೌಸ್ ಕತ್ತರಿಸಿದೆ. ಒಂದರ ತೋಳು ಉಲ್ಟಾ. ಬಿಚ್ಚಿ ಮತ್ತೆ ಹೊಲಿದೆ.

ಮಧ್ಯಾಹ್ನ ಹಾವೇರಿಯಿಂದ ಮೇಧಾ ಬಂದಳು. ಕಾಲೇಜಿಗೆ ರಜೆ ಹಾಕಿ. ಮಗಳಲ್ಲವೇ, ಅವ್ವನ ಕಿವುಡಿನ ಮೇಲೆ ಇನ್ನೊಂದು ಪ್ರಯೋಗ. ಹೋದ ವರ್ಷ ಕಿವಿಗೆ ಹಾಕುವ ಮಷಿನ್ ತಂದಿದ್ದಳು. ಅದರಲ್ಲಿ ಹೊಲಿಗೆ ಮಷಿನ್ ಹಿಟ್ಟಿನ ಗಿರಣಿಯ ಹಾಗೆ ಗರ್ರ್ ಅನ್ನುತ್ತಿತ್ತು, ಮನುಷ್ಯರ ಮಾತು ಮಾತ್ರ ಇಲ್ಲ. ಡ್ರಾಯರಿನಲ್ಲಿ ಮಲಗಿದೆ.

ಈ ಸಲ ಚಸ್ಮಾ. ಎದುರಿನವರು ಆಡಿದ್ದು ಗಾಜಿನ ಮೇಲೆ ಹಸಿರು ಅಕ್ಷರವಾಗಿ ಬರುತ್ತದಂತೆ. ಕನ್ನಡದಲ್ಲೇ. ನಂಬಲಿಲ್ಲ. ಹಾಕಿಸಿ, ಎದುರು ನಿಂತು ಏನೋ ಅಂದಳು. ಬಂತು —

'ಅವ್ವಾ, ನಾ ನಿನಗ ಬೈಯೂದು ಇನ್ನ ಮ್ಯಾಲೆ ಎಲ್ಲಾ ತಿಳೀತದ ನೋಡು.'

ಮೂರು ವರ್ಷದಿಂದ ಇವಳ ಬಾಯಿ ಅಲ್ಲಾಡುವುದನ್ನಷ್ಟೇ ನೋಡಿದ್ದೇನೆ. ಕೊಂಕು ಹಾಗೇ ಇದೆ. ಅತ್ತುಬಿಟ್ಟೆ.

ಫೆಬ್ರವರಿ ೫, ಬುಧವಾರ

ಚಸ್ಮಾದ ಮೂಲೆಯಲ್ಲಿ ಕ್ಯಾಮೆರಾ ಇದೆ. ಸಾಸಿವೆ ಕಾಳಿನಷ್ಟು. ನನ್ನದು ಲೇಡೀಸ್ ಟೇಲರಿಂಗ್. ಪರದೆಯ ಹಿಂದೆ ಅಳತೆ ಕೊಡುವವಳು ಸೆರಗು ತೆಗೆಯಬೇಕು. ಡಾಕ್ಟರ ಹೆಂಡತಿ ಕೈಯಲ್ಲೇ ಸೆರಗು ಹಿಡಿದು ನಿಂತಳು.

'ಇದರಾಗ ಫೋಟೋ ಬರತಾವೇನ್ರಿ ಪದ್ಮಜಾ?'

ಬಂದ್ ಮಾಡಿದ್ದೇನೆ ಅಂದೆ.

'ಇರಲಿ ಬಿಡ್ರಿ, ನಾಳೆ ಬರ್ತೇನಿ.'

ನಾಳೆ ಅಂದರೆ ಬರುವುದಿಲ್ಲ ಅಂತ. ಅಷ್ಟು ನನಗೂ ತಿಳಿಯುತ್ತದೆ.

ಮೇಧಾಗೆ ವಿಡಿಯೋ ಕಾಲ್ ಮಾಡಿದೆ. 'ಮೊಬೈಲ್ ಬಂದಾಗೂ ಮಂದಿ ಹಿಂಗ ಅಂದ್ರು. ಎರಡು ವರ್ಷ ತಡಿ. ಎಲ್ಲಾರ ಮೂಗಿನ ಮ್ಯಾಲೂ ಇದ ಕುಂತಿರತದ.' ಎರಡು ವರ್ಷ ನಾನು ಗಾಳಿ ತಿನ್ನಲೇ?

ಫೆಬ್ರವರಿ ೭

ಉಪಾಯ ಹೊಳೆಯಿತು. ಕ್ಯಾಮೆರಾದ ಮೇಲೆ ಹಣೆಗಿಡುವ ಒಂದು ಟಿಕಳಿ ಅಂಟಿಸಿದೆ. ಕುಂಕುಮದ ಬಣ್ಣದ್ದು. ಹಿಂದಿನ ಓಣಿಯ ಅಕ್ಬರಬಿ ನೋಡಿ ಬಿದ್ದು ಬಿದ್ದು ನಕ್ಕಳು. 'ಚಸ್ಮಾನ್ನ ಮುತ್ತೈದಿ ಮಾಡೀರಲ್ರಿ ಅಕ್ಕಾರ!'

ಟಿಕಳಿ ನೋಡಿದ ಮೇಲೆ ಯಾರಿಗೂ ಅನುಮಾನವಿಲ್ಲ. ಸೆರಗು ತೆಗೆಯುತ್ತಾರೆ, ಅಳತೆ ಕೊಡುತ್ತಾರೆ. ಎಲ್ಲರೂ ಫೋಟೋ ಬಗ್ಗೆಯೇ ಕೇಳಿದರು. ಮತ್ತೇನು ಮಾಡುತ್ತದೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಾತು ಓದಬೇಕಾದ ಗತಿ ಬಂತು ಅಂತ ಹೇಳಿಕೊಳ್ಳಲು ನಾಚಿಕೆ.

ಫೆಬ್ರವರಿ ೧೬, ಭಾನುವಾರ

ಬ್ಯಾಡಗಿಯಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆ. ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಘಾಟು. ಅಕ್ಷತೆ ಹೊತ್ತಿಗೆ ಭಟ್ಟರಿಗೂ ಕೆಮ್ಮು. ಒಬ್ಬ ಅಜ್ಜ ಹತ್ತಿರ ಬಂದು 'ಕಣ್ಣಿನ ಪೊರಿ ಯಾವಾಗ ತೆಗಿಸಿದಿವಾ?' ಅಂದ. ನಗು ಬಂತು.

ಊಟದ ಪಂಕ್ತಿಯಲ್ಲಿ ಎದುರು ಸಾಲಿನವಳ ಮಾತು ಗಾಜಿನ ಮೇಲೆ — 'ಪದ್ಮಜಾನ್ನ ಕರೀಬ್ಯಾಡ್ರಿ ಇತ್ಲಾಗ. ಒದರಿ ಒದರಿ ಗಂಟಲಾ ಹರೀತದ.' ಕಣ್ಣು ಕೂಡಿದಾಗ ನನ್ನತ್ತ ನಕ್ಕಳು. ನಾನೂ ನಕ್ಕೆ. ಹೋಳಿಗೆ ಇಳಿಯಲಿಲ್ಲ. ಕಿವಿ ಇಲ್ಲದಾಗ ಎಲ್ಲರೂ ಒಳ್ಳೆಯವರಾಗಿದ್ದರು.

ಫೆಬ್ರವರಿ ೧೯, ಬುಧವಾರ

ಇವತ್ತು ಆದದ್ದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸುಚಿತ್ರಾ. ಕುಪ್ಪೇಲೂರಿನ ಮಗಳು, ನಮ್ಮ ಓಣಿಯ ಸೊಸೆ. ಗಂಡ ಮೈಲೇಶ ಕುಮಾರಪಟ್ಟಣಕ್ಕೆ ಡ್ಯೂಟಿಗೆ ಹೋಗುತ್ತಾನೆ. ವಾರಕ್ಕೊಮ್ಮೆ ಒಂದಿಲ್ಲೊಂದು ಹಳೆಯ ಬ್ಲೌಸ್ ಹಿಡಿದು ಬರುತ್ತಾಳೆ. ಅಕ್ಬರಬಿಯೂ ಬರುತ್ತಾಳೆ. ಇಬ್ಬರೂ ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕುಳಿತು ಮಾತೇ ಮಾತು. ನಮ್ಮ ಅಂಗಡಿ ಅಂದರೆ ಪ್ರೀತಿ ಅಂತ ನಾನು ಬೀಗುತ್ತಿದ್ದೆ. ಬಿಸಿಲಿನಲ್ಲೂ ಮೊಣಕೈ ದಾಟಿದ ತೋಳು ಯಾಕೆ ಹೊಲಿಸುತ್ತಾಳೋ ಅಂತ ಮಾತ್ರ ತಿಳಿದಿರಲಿಲ್ಲ.

ಇವತ್ತು ಹುಕ್ ಹುಡುಕಲು ತಿರುಗಿದೆ. ಗಾಜಿನ ಮೇಲೆ ಬಂತು.

'ಮುಂಜಾನೆ ಬೆಲ್ಟ್ ತಗೊಂಡ. ರಟ್ಟಿ ನೋಡಿಲ್ಲಿ.'

'ಮೆತ್ತಗ ಹೇಳ, ಅಕ್ಕಾರದಾರ.'

'ಅಕ್ಕಾರಿಗೆ ಎಲ್ಲಿ ಕೇಳಸ್ತದ? ಅದಕ್ಕ ಇಲ್ಲಿ ಬರ್ತೇನಿ. ಊರಾಗ ಗ್ವಾಡಿಗೂ ಕಿವಿ ಅದಾವು. ಇದೊಂದು ಕಡೆ ಇಲ್ಲ.'

ತಡೆಯಲಾಗಲಿಲ್ಲ. 'ಯಾರು ಹೊಡದಾರವ್ವಾ? ಮೈಲೇಶನೇನ?' ಅಂದುಬಿಟ್ಟೆ. ನನ್ನ ದನಿ ಎಷ್ಟು ದೊಡ್ಡದು ಅಂತ ನನಗೆ ತಿಳಿಯುವುದಿಲ್ಲ. ಬಾಗಿಲು ತೆರೆದಿತ್ತು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು.

ಸುಚಿತ್ರಾಳ ಮುಖ ಬಿಳಿಚಿತು. ಅಕ್ಬರಬಿ ಅಂದದ್ದು ಒಂದೇ ಮಾತು.

'ಯವ್ವಾ… ಅಕ್ಕಾರಿಗೆ ಕೇಳಸ್ತದ.'

ಬ್ಲೌಸ್ ಬಿಟ್ಟೇ ಹೋದರು.

ಫೆಬ್ರವರಿ ೨೬, ಶಿವರಾತ್ರಿ

ಬೆಂಚು ಖಾಲಿ. ಉಪವಾಸ, ಅದಕ್ಕೇ ಬಂದಿರಲಿಕ್ಕಿಲ್ಲ ಅಂದುಕೊಂಡೆ. ಅಕ್ಬರಬಿಗೆ ಯಾವ ಶಿವರಾತ್ರಿ!

ಮಾರ್ಚ್ ೧೩

ಅಂಗಡಿ ತುಂಬ ಹೆಂಗಸರು. ನಾನು ತಿರುಗಿದರೆ ಎಲ್ಲರ ತುಟಿ ಬಂದ್. ಗಾಜು ಖಾಲಿ. ಪದ್ಮಜಾಗೆ ಕಿವಿ ಬಂದಿದೆ ಅಂತ ಓಣಿಗೆಲ್ಲ ಗೊತ್ತಾಗಿದೆ.

ಸಂಜೆ ಕಿರಾಣಿ ಅಂಗಡಿಯಲ್ಲಿ ಅಕ್ಬರಬಿ ಸಿಕ್ಕಳು. ಮುಖ ತಪ್ಪಿಸಿದಳು. ಅಡ್ಡ ಹೋಗಿ ನಿಂತೆ.

'ಕಿವಿ ಬಂದದ್ದು ಹೇಳಬಾರದೇನ್ರಿ ಅಕ್ಕಾರ? ನಿಮ್ಮ ಮುಂದ ಏನೆಲ್ಲಾ ಆಡೇವಿ. ಹಿಂದಿಂದೆಲ್ಲಾ ಕೇಳಿಸಿತ್ತೋ ಏನೋ ಅಂತ ಎದಿ ಢವಢವ ಅಂತದ.'

ಸುಚಿತ್ರಾ ಹೇಗಿದ್ದಾಳೆ ಅಂತ ಕೇಳಿದೆ.

'ನೀವು ಒದರಿದ್ದು ಆಕಿ ಅತ್ತಿಗೆ ಮುಟ್ಟೇತಿ. ಹೊರಗ ಬಿಡವಲ್ರು.'

ಕಿವಿ ಬಂದಿಲ್ಲ, ಇದು ಚಸ್ಮಾದ ಆಟ ಅಂತ ಹೇಳಬೇಕೆಂದಿದ್ದೆ. ಅವಳು ಹೊರಟೇ ಹೋಗಿದ್ದಳು.

ಆ ಹುಡುಗಿಗೆ ಇದ್ದದ್ದು ಒಂದೇ ಬೆಂಚು. ಅದನ್ನೂ ನಾನೇ ಕಸಿದುಕೊಂಡೆ.

ಮಾರ್ಚ್ ೩೦, ಯುಗಾದಿ

ಚಸ್ಮಾ ಡ್ರಾಯರಿಗೆ ಹೋಗಿ ಎರಡು ವಾರ ದಾಟಿತು. ಕಿವಿ ಮಷಿನಿನ ಪಕ್ಕ. ಮೇಧಾ ಸಿಟ್ಟಾದಳು. ಕಾಗದದ ಮೇಲೆ ಬರೆದು ಜಗಳವಾಡಿದಳು — 'ಜನ ರೂಢಿ ಆಗ್ತಾರ ಅವ್ವಾ.' ಕೆಳಗೆ ನಾನು ಬರೆದೆ — 'ಜನ ಅಲ್ಲ, ಒಬ್ಬಾಕಿ.' ಅರ್ಥವಾಗಲಿಲ್ಲ ಅವಳಿಗೆ. ಬೇವು ಬೆಲ್ಲ ಕೊಟ್ಟೆ, ತಿಂದಳು.

ಏಪ್ರಿಲ್ ೭, ಸೋಮವಾರ

ಸುಚಿತ್ರಾ ಬಂದಿದ್ದಳು!

ಮಧ್ಯಾಹ್ನ, ಓಣಿ ಮಲಗಿದಾಗ. ಒಬ್ಬಳೇ. ಬಾಗಿಲು ಅರ್ಧ ಮುಚ್ಚಿ ನನ್ನ ಎರಡೂ ಕೈ ಹಿಡಿದುಕೊಂಡಳು. ಮಾತಾಡಿದಳು. ಬಹಳ ಹೊತ್ತು. ತಲೆಯಿಂದ ಇಳಿದ ಸೆರಗು ಬಾಯಿಗೆ ಅಡ್ಡ, ಕಣ್ಣು ಬೀದಿಯ ಕಡೆ. ತುಟಿಯೂ ಕಾಣಲಿಲ್ಲ. ಕೈ ಬಿಡಿಸಿಕೊಂಡು ಡ್ರಾಯರಿನಿಂದ ಚಸ್ಮಾ ತೆಗೆದರೂ ಚಾರ್ಜ್ ಎಲ್ಲಿದೆ ಅದಕ್ಕೆ!

ಕೇಳುವುದಿಲ್ಲ, ಬರೆದು ಕೊಡು ಅನ್ನಬೇಕಿತ್ತು. ಯಾರು ಹೊಡೆದರು ಅಂತ ಕೇಳಿದವಳು ನಾನೊಬ್ಬಳೇ ಅಂತ ಹುಡುಕಿಕೊಂಡು ಬಂದಿದ್ದಾಳೆ. ಅವಳಿಗೆ ಹೇಗೆ ಹೇಳಲಿ, ಕೇಳಿಸಿಕೊಂಡದ್ದು ನಾನಲ್ಲ, ಚಸ್ಮಾ ಅಂತ? ಹೇಳಿದರೆ ಎದ್ದು ಹೋಗುತ್ತಾಳೆ ಅಂತ ಹೆದರಿದೆ.

ಕೊನೆಗೆ ಏನೋ ಪ್ರಶ್ನೆ. ಹುಬ್ಬೇರಿಸಿ ಕಾದಳು. ನಾನು ಹೂಂ ಅಂದೆ.

ಕಾಲಿಗೆ ಬಿದ್ದಳು. ಕಣ್ಣೊರೆಸಿಕೊಂಡು ನಕ್ಕಳು, ಹೋದಳು.

ಯಾವುದಕ್ಕೆ ಹೂಂ ಅಂದೆ?

ರಾತ್ರಿ ಚಸ್ಮಾ ಚಾರ್ಜಿಗೆ ಹಾಕಿದೆ. ನಾಳೆ ಅಕ್ಬರಬಿಯನ್ನು ಹಿಡಿದು ಎಲ್ಲ ಹೇಳಬೇಕು. ಅವಳಿಂದ ಸುಚಿತ್ರಾಳನ್ನು ಕೇಳಿಸಬೇಕು.

ಏಪ್ರಿಲ್ ೮, ಮಂಗಳವಾರ

ಹುಡುಕಿ ಹೋಗುವ ಮೊದಲೇ ಅಕ್ಬರಬಿ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಚಸ್ಮಾ ಹಾಕಿಕೊಂಡೆ. ಅಕ್ಷರ ಒಂದರ ಹಿಂದೊಂದು ಓಡಿದವು.

'ಸುಚಿತ್ರಾನ್ನ ಹಾವೇರಿಗೆ ನಿಮ್ಮ ಮಗಳ ಮನಿಗೆ ಕರಕೊಂಡು ಹೋಗ್ತೇನಿ ಅಂತ ಹೂಂ ಅಂದ್ರಂತಲ್ರಿ. ಸಂಜಿಗೆ ಬಸ್ ಸ್ಟ್ಯಾಂಡಿಗೆ ಬರ್ತೇನಿ ಅಂತ.'

'ಹೊಂಟಾಗ ನನಗ ಹೇಳಿ ಹೋದ್ಲು. ಅಕ್ಕಾರದಾರ, ಇನ್ನ ಹೆದರಿಕಿ ಇಲ್ಲ ಅಂದ್ಲು.'

'ಕತ್ತಲಾಗೂತನಕ ಕಾದಾಳ. ಎಷ್ಟೋ ಬಸ್ ಹ್ವಾದುವು. ನೀವು ಬಂದ ಬರ್ತೀರಿ ಅಂತ ಹತ್ತಲಿಲ್ಲ. ಡ್ಯೂಟಿ ಮುಗಿಸಿ ಮೈಲೇಶ ಅಲ್ಲೇ ಇಳದ. ನೋಡಿದ. ಜಡಿ ಹಿಡದು ಎಳಕೊಂಡು ಹ್ವಾದ.'

'ರಾತ್ರಿ'

ಅಷ್ಟು ಓದಿ ಚಸ್ಮಾ ಕಿತ್ತುಬಿಟ್ಟೆ. ಅಕ್ಬರಬಿಯ ಬಾಯಿ ಇನ್ನೂ ಅಲ್ಲಾಡುತ್ತಿತ್ತು. ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ನಾನು ಅವಳನ್ನು ನೋಡುತ್ತ, ಮತ್ತೆ ತಲೆ ಅಲ್ಲಾಡಿಸಿ, ಹೂಂ ಅಂದೆ.