ಬಾರದೇ ಹೋದ ರೈಫಲ್

ಲೂಯಿಸ್‌ಟೌನ್, ಮೊಂಟಾನಾ
ಸೆಪ್ಟೆಂಬರ್ ೬, ೨೦೧೩

ಪ್ರೀತಿಯ ರಸೆಲ್,

ಹೇಗಿದ್ದೀಯ ಮಗಾ? ಅಲಾಸ್ಕಾದ ಚಳಿಗೆ ನಿನ್ನ ಮಂಡಿನೋವು ಮತ್ತೆ ಕೆರಳಿತೇನೋ ಅಂತ ಯೋಚನೆ. ಮೀನು ಹಿಡಿಯುವ ಗಡಿಬಿಡಿಯಲ್ಲಿ ಒದ್ದೆ ಕಾಲುಚೀಲದಲ್ಲೇ ಇರಬೇಡ. ನಗಬೇಡ, ಐವತ್ತಾದರೂ ನಿನಗೆ ಇದನ್ನೆಲ್ಲ ಹೇಳೋಳು ನಾನೇ. ಇಲ್ಲಿ ಅಪ್ಪನೂ ನಾನೂ ಗಟ್ಟಿಯಾಗಿದ್ದೇವೆ.

ನಿನ್ನ ಕಾಗದ ಓದಿ ಸಂಕಟವಾಯಿತು. ಕೊರಿಯಾ ಯುದ್ಧದಲ್ಲಿ ಅಪ್ಪ ಹೊತ್ತಿದ್ದಂಥದ್ದೇ ರೈಫಲನ್ನು ಅವರ ಹುಟ್ಟುಹಬ್ಬಕ್ಕೆ ತರಿಸಿಕೊಡಬೇಕೆಂದು ಎಷ್ಟು ಕಾದೆ ನೀನು! ನಮ್ಮವರು ಅಂದು ಕೊಟ್ಟಿದ್ದ ಬಂದೂಕುಗಳನ್ನು ಕೊರಿಯಾದವರು ವಾಪಸ್ ಮಾರುತ್ತೇವೆ ಅಂದರೂ, ಮ್ಯೂಸಿಯಂನಂಥವರನ್ನು ಬಿಟ್ಟು ಬೇರೆಯವರು ತರಿಸಿಕೊಳ್ಳುವಂತಿಲ್ಲ ಅಂತ ನಮ್ಮ ಸರ್ಕಾರ ಹೇಳಿಬಿಟ್ಟಿತು. ಅಪ್ಪನಿಗೆ ಹೇಗೆ ತಿಳಿಸಲಿ ಅಂತ ಕೇಳಿದ್ದೆಯಲ್ಲ, ನಾನು ಬಾಯಿಬಿಡುವ ಮೊದಲೇ ಅವರಿಗೆ ಗೊತ್ತಾಯಿತು. ಕಾಫಿ ಅಂಗಡಿಯಲ್ಲಿ ಆ ಬಾಯಿಬಡುಕ ಹಾರ್ಲನ್, "ಏನೋ ಆರ್ವಿಲ್, ನಿನ್ನ ಹಳೇ ಹೆಂಡ್ತಿ, ಆ ರೈಫಲ್ಲು, ಬರೋದಿಲ್ವಂತೆ!" ಅಂತ ಎಲ್ಲರೆದುರು ಕೂಗಿದನಂತೆ.

ಅಪ್ಪ ಮನೆಗೆ ಬಂದವರೇ ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಕೂತರು. ನೋಡಿದರೆ ಹೆಗಲು ಅಲುಗುತ್ತಿದೆ. ಅಳುತ್ತಿದ್ದಾರೆ ಅಂದುಕೊಂಡರೆ, ನಗುತ್ತಿದ್ದರು! "ಬಚಾವಾದೆ ಕಣೇ ಆರ್ಡಿತ್. ಅದನ್ನ ಒಂದು ವರ್ಷ ಹೊತ್ತಿದ್ದೇ ಸಾಕು. ಇನ್ನು ಮನೆ ಗೋಡೆ ಮೇಲೂ ದಿನಾ ನೋಡ್ಬೇಕಾ?" ಅಂದರು. ಬೇಡ ಅಂತ ಮೊದಲೇ ಹೇಳೋಕೇನಾಗಿತ್ತು ಅಂತ ಬೈದೆ. "ಹುಡುಗ ಅಷ್ಟು ಆಸೆಯಿಂದ ಓಡಾಡ್ತಿದ್ದ. ಹೆಂಗೆ ಹೇಳ್ಲಿ?" ಅಂದರು. ಇಷ್ಟು ದಿನ ಬಾಗಿಲು ಸದ್ದಾದರೆ ಬೆಚ್ಚುತ್ತಿದ್ದರು. ಪಾರ್ಸೆಲ್ಲಿನ ಆಸೆ ಅಂದುಕೊಂಡಿದ್ದೆ ನಾನು, ಪೆದ್ದಿ. ಅವತ್ತು ಎರಡು ಬಟ್ಟಲು ಸಾರು ಕುಡಿದು, ಕುರ್ಚಿಯಲ್ಲೇ ಗೊರಕೆ ಹೊಡೆದರು. ಈ ಸರ್ಕಾರಕ್ಕೆ ನಾನು ವೋಟು ಹಾಕಿದವಳಲ್ಲ, ಆದರೂ ಒಂದು ಸೇಬಿನ ಪೈ ಮಾಡಿ ಕಳಿಸೋಣ ಅನ್ನಿಸಿತು.

ಹಾಗಾಗಿ ನೀನು ಕೊರಗಬೇಡ. ದೇವರು ನಿನ್ನನ್ನೂ ನಿನ್ನ ದೋಣಿಯನ್ನೂ ಕಾಯಲಿ.

ನಿನ್ನ ಅಮ್ಮ

ಮರೆತೇಬಿಟ್ಟಿದ್ದೆ, ಅಂಚೆ ಗಾಡಿ ತಿರುವಿಗೆ ಬಂತು: ನಮ್ಮ ದೇಶದಲ್ಲೇ ಎಲ್ಲಾದರೂ ಅಂಥದ್ದೇ ರೈಫಲ್ ಹುಡುಕಿ ಕೊಂಡುಬಿಟ್ಟೀಯ, ಬೇಡ. ಚಿಕ್ಕಂದಿನಲ್ಲಿ ನೀನು ಯುದ್ಧದ ಬಗ್ಗೆ ಕೇಳಿದಾಗಲೆಲ್ಲ ಎದ್ದುಹೋಗುತ್ತಿದ್ದ ಅಪ್ಪ, ಇವತ್ತು ತಾವಾಗಿ, "ಡೆಲ್ಬರ್ಟ್ ಅಂತ ಒಬ್ಬ ಇದ್ದ, ಹಿಮದಲ್ಲೇ ಬಿಟ್ಟುಬಂದ್ವಿ," ಅಂದರು. ಆಮೇಲೇನಾಯ್ತು ಅಂತ ಕೇಳಿದೆ. "ರಸೆಲ್ ಬರ್ಲಿ, ಅವನಿಗೆ ಹೇಳ್ತೀನಿ," ಅಂದರು. ಬರಿಗೈಯಲ್ಲೇ ಬಾ ಮಗಾ. ಬೇಗ ಬಾ.