ಕೋಡಿಗೆ ಏರಿಸಿದ ಕಲ್ಲು

ಚಿ. ಭುವನೇಶ್ವರಿಗೆ,

ಫೋನೆತ್ತುವ ಬೆರಳಿಗೆ ಉಗುರುಸುತ್ತು ಆಗಿದೆಯೇನೇ ನಿನಗೆ? ನಿಮ್ಮವ್ವನ ಫೋನು ಎತ್ತುತ್ತೀ, ಗೆಳತಿಯರದ್ದು ಎತ್ತುತ್ತೀ, ನನ್ನದು ಮಾತ್ರ ಕೂಗಿ ಕೂಗಿ ಸಾಯಬೇಕು. ವಿದ್ಯಾಗಿರಿಯ ಹಾಸ್ಟೆಲಿನಲ್ಲಿ ಸೊಕ್ಕನ್ನೂ ಕಲಿಸುತ್ತಾರೆಯೇ? ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ಮುದುಕಿಯ ಕೈಯಿಂದ ಕಾಗದ ಬರೆಸುತ್ತಿದ್ದೀ. ಅಕ್ಷರ ಸೊಟ್ಟಗಿವೆಯೆಂದು ನಗಬೇಡ, ಪೂರ್ತಿ ಓದು.

ಬೈದಾಯಿತು. ಬೈಯುವುದು ನನಗೆ ಸಲೀಸು. ಇನ್ನು ಹೇಳಬೇಕಾದ್ದು ಅಷ್ಟು ಸಲೀಸಲ್ಲ.

ನೇಕಾರರ ಓಣಿಯ ಕಾಸಿಂಬಿಯ ಮಗ್ಗದ ಕುಣಿಯಲ್ಲಿ ನೀರು ತುಂಬಿತು, ಮಗಳೇ. ನಮ್ಮ ಹೊಲದ ನೀರು. ನೀನು ಲ್ಯಾಪ್‌ಟಾಪಿನಲ್ಲಿ ತೋರಿಸಿದ ನೀಲಿ ಗೆರೆಯ ಮೇಲೆಯೇ ಬಂತು.

ಎರೆಹೊಲದ ನಮ್ಮ ಚಟ ನಿನಗೆ ಗೊತ್ತಿದೆ. ಒಡ್ಡಿನ ಹಿಂದೆ ಹೂಳು ತುಂಬಿ ಹೊಲ ಮೇಲೇರಿದ ಹಾಗೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೆ ಒಂದು ಸಾಲು ಕಲ್ಲು ಏರಿಸುತ್ತೇವೆ. ಏರಿಸಿದ ಗಂಡಸರು ಮೀಸೆ ತಿರುವುತ್ತಾರೆ, ನಾನು ಸೆರಗು ಝಾಡಿಸುತ್ತೇನೆ. ಈ ವರ್ಷ ಹೂಳು ತುಂಬುವ ಮೊದಲೇ ಏರಿಸಿಬಿಟ್ಟೆ. ಕೆಳಗಿನ ಹೊಲದ ಈರಪ್ಪನ ಒಡ್ಡಿಗಿಂತ ನಮ್ಮದು ದೊಡ್ಡದು ಕಾಣಲಿ ಎಂಬ ಹಟ, ಬೇರೇನೂ ಅಲ್ಲ.

ನೀನು ಬೇಸಿಗೆ ರಜೆಗೆ ಬಂದವಳು ಬಿಸಿಲಲ್ಲಿ ಕೋಲು ಹಿಡಿದು ಒಡ್ಡು ಒಡ್ಡು ತಿರುಗಿದೆ. ಉಪಗ್ರಹದ ಕಣ್ಣಿಗೆ ಗುಡ್ಡ ಕಾಣುತ್ತದೆ, ನಮ್ಮ ಒಡ್ಡು ಕಾಣುವುದಿಲ್ಲ, ಅದನ್ನು ಅಳೆದು ಸೇರಿಸಬೇಕು ಎಂದೆ. ನೀರಿನ ಲೆಕ್ಕಕ್ಕೆಂದು ನೀನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದ ಪೈಥಾನ್ ಎಂದರೇನು ಎಂದು ಕೇಳಿದ್ದಕ್ಕೆ ನನ್ನ ಪರಾತದಲ್ಲಿಯೇ ಜೋಳದ ಹಿಟ್ಟಿನ ದಿಬ್ಬ, ತಗ್ಗು ಮಾಡಿ ತಂಬಿಗೆ ನೀರು ಹೊಯ್ದೆ. "ಆಯಿ, ಹೊಲಾನ ಸಣ್ಣ ಸಣ್ಣ ಚೌಕ ಮಾಡೂದು. ಒಂದೊಂದು ಚೌಕಕ್ಕೂ 'ನಿನ್ನ ಸುತ್ತ ಎಲ್ಲಾರಕಿಂತ ತಗ್ಗಿನಾಗ ಯಾರದಾರ?' ಅಂತ ಕೇಳೂದು. ನೀರು ಅವರ ಕಡೆ ಹೋಗ್ತದ. ಭಾಳ ಚೌಕದ ನೀರು ಎಲ್ಲಿ ಕೂಡತದೋ ಅದ ಹಳ್ಳ." ನಾನು ಹಿಟ್ಟು ಹಾಳಾಯಿತೆಂದು ಕೂಗಾಡಿದೆ. ತಿಳಿದಿತ್ತು, ತಿಳಿಯಿತು ಎನ್ನಲಿಲ್ಲ.

ಆಮೇಲೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಪಂಚಾಯತಿ ಮೆಂಬರ್ ಮಹಾಂತೇಶ ಜನರನ್ನು ಕೂಡಿಸಿದ. ನಮ್ಮ ಕೋಡಿ ಹೀಗೆಯೇ ಇದ್ದರೆ ದೊಡ್ಡ ಮಳೆಗೆ ನೀರು ಒಡ್ಡಿನ ಮೂಲೆ ಹತ್ತಿ ನೇಕಾರರ ಓಣಿಗೆ ಇಳಿಯುತ್ತದೆ ಎಂದು ನೀನು ಗೆರೆ ತೋರಿಸಿದೆ. ಊರೆಲ್ಲ ನನ್ನತ್ತ ತಿರುಗಿತು. ಸ್ವಂತ ಮೊಮ್ಮಗಳು ನಾಲ್ಕು ಜನರ ಮುಂದೆ ನನ್ನ ಕಲ್ಲಿಗೆ ಕೈ ಹಚ್ಚಿದಳಲ್ಲ ಎಂದು ಉರಿಯಿತು. ನಾನಂದ ಮಾತು ನಿನಗೂ ನೆನಪಿದೆ: "ನಿನ್ನ ಪೈಥಾನ ರೊಕ್ಕಾ ಕೊಟ್ಟ ತಂದದ್ದಾದ್ರ ನಂಬಬಹುದಿತ್ತು. ಪುಗಸಟ್ಟೆ ಸಿಕ್ಕದ್ದ ಅಂತ ನೀನ ಹೇಳ್ತಿ. ಪುಗಸಟ್ಟೆ ಮಾಲಿನ ಮಾತ ಕೇಳಿ ನಾ ಕೋಡಿ ಇಳಸಬೇಕೇನ?"

ಜನ ಬಿದ್ದು ಬಿದ್ದು ನಕ್ಕರು. ನೀನು ಮೆಲ್ಲಗೆ ಹೇಳಿದೆ: "ಪುಗಸಟ್ಟೆ ಅಲ್ಲ ಆಯಿ, ಎಲ್ಲಾರದೂ. ಯಾರೋ ಎಲ್ಲೋ ಕುಂತು ಬರದಾರ, ಇನ್ಯಾರೋ ತಿದ್ದ್ಯಾರ. ಅದಕ್ಕ ನಮ್ಮಂಥಾ ಊರಿಗೂ ಸಿಕ್ಕದ." ನಾನು, "ಹೌದವ್ವಾ, ಬೇವಾರಸಿ ಮಾಲು" ಎಂದೆ. ಮತ್ತೂ ನಕ್ಕರು. ನೀನು ಲ್ಯಾಪ್‌ಟಾಪು ಮುಚ್ಚಿ, ಉಣ್ಣದೆ ಬಸ್ಸು ಹತ್ತಿದೆ.

ಮಳೆ ಬಂದ ಮರುದಿನ ಬಕೀಟು ಹಿಡಿದು ಕಾಸಿಂಬಿಯ ಮನೆಗೆ ಹೋದೆ. ಕಾಲಿಳಿಬಿಟ್ಟು ನೇಯುವ ಕುಣಿಯಲ್ಲಿ ಕೆಸರು ನೀರು. ಮಗ್ಗಕ್ಕೆ ಹೂಡಿದ್ದ ಮದುವೆ ಸೀರೆಯ ಉದ್ದೆಳೆಗಳ ಹಾಸೆಲ್ಲ ಕೆಂಪು ಬಣ್ಣ ಬಿಟ್ಟು ಕೂತಿತ್ತು. ಅವಳ ಮಗಳು ಮುಬಶೀರಾ ನಕ್ಕೇ ಅಂದಳು: "ಭುವನಕ್ಕನ ಗೆರಿ ನಮ್ಮ ಹೊಸ್ತಿಲಾ ಕೇಳಕೋತ ಬಂತ ನೋಡ್ರಿ." ಕಾಸಿಂಬಿ ಅವಳನ್ನು ಗದರಿಸಿ, "ಸಾವಕಾಶ ಬರ್ರಿ ಆಯಿ, ಜಾರ್ತದ" ಎಂದು ನನ್ನ ಕೈ ಹಿಡಿದುಕೊಂಡಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಚಹಾ ಕೊಟ್ಟಳು. ಆ ಚಹಾ ಕುಡಿದ ನಾಚಿಕೆ ಇನ್ನೂ ಇಳಿದಿಲ್ಲ. ಮತ್ತೊಮ್ಮೆ ನೀರು ಬಂದರೆ ಮಗ್ಗ ಕಿತ್ತುಕೊಂಡು ಇಳಕಲ್ಲಿನ ತಮ್ಮನ ಮನೆಗೆ ಹೋಗುತ್ತಾಳಂತೆ.

ನಿಮ್ಮ ಮುತ್ಯಾನ ಕಾಲದಲ್ಲಿ ಆ ಒಡ್ಡು ಹಾಕಿದವರು ಯಾರು ಹೇಳು? ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾವು, ಎಲ್ಲ ಮುಯ್ಯಾಳಿನ ಮೇಲೆ. ಕಾಸಿಂಬಿಯ ಮಾವ ಇಮಾಮಸಾಬ ನಮ್ಮ ಕೋಡಿಗೆ ಕಲ್ಲು ಹೊತ್ತ. ಯಾರೂ ಕೂಲಿ ಕೇಳಲಿಲ್ಲ. ಹಾಗೆ ಕಟ್ಟಿದ ಒಡ್ಡಿನ ಮೇಲೆ ನಿಂತು ನಾನು ಪುಗಸಟ್ಟೆ ಎಂದು ಹಂಗಿಸಿದೆ. ನಿನ್ನೊಬ್ಬಳನ್ನಲ್ಲ, ಸತ್ತವರನ್ನೂ ಹಂಗಿಸಿದೆ.

ಹಾರೆ ತಗೊಂಡು ಕೋಡಿಯ ಕಲ್ಲು ಕೀಳಹೋದೆ. ಎರಡು ಕಲ್ಲು ಕಿತ್ತಿರಲಿಲ್ಲ, ಈರಪ್ಪ ಓಡಿ ಬಂದ: "ಆಯಿ, ನಿಮ್ಮ ನಾಚಿಕೀ ನೀರೆಲ್ಲಾ ನನ್ನ ಹೊಲಕ್ಕ ಬಿಡ್ತೀರೇನ್ರಿ?" ಅವನದೂ ಖರೆ. ಅವನ ಒಡ್ಡು ಒಡೆದರೆ ನೀರು ಮತ್ತೆ ಓಣಿಗೇ. ಎಷ್ಟು ಇಳಿಸಿದರೆ ಇಬ್ಬರ ಒಡ್ಡೂ ಉಳಿದು ಕಾಸಿಂಬಿಯ ಹೊಸ್ತಿಲು ಒಣಗಿರುತ್ತದೆ ಎನ್ನುವುದು ನನ್ನ ಹಾರೆಗೆ ಗೊತ್ತಿಲ್ಲ. ಅದಕ್ಕೆ ನೀನು ಬರಬೇಕು. ಲ್ಯಾಪ್‌ಟಾಪಿನಲ್ಲಿ ಕೋಡಿ ಇಳಿಸಿದ ಹಾಗೆ ಲೆಕ್ಕ ಹಾಕಿ ಮತ್ತೆ ನೀರು ಬಿಟ್ಟು ನೋಡು. ಹಸ್ತ, ಚಿತ್ತದ ದೊಡ್ಡ ಮಳೆ ಇನ್ನೂ ಮುಂದಿದೆ.

ಅಳೆಯುವ ಕೋಲು ನಾನು ಹಿಡಿಯುತ್ತೇನೆ. ಅದೇ ಕಟ್ಟೆಯ ಮೇಲೆ, ನಕ್ಕ ಅದೇ ಜನರ ಮುಂದೆ, ನನ್ನ ಮೊಮ್ಮಗಳ ಮಾತು ಖರೆ, ನನ್ನದು ಸೊಕ್ಕು ಎಂದು ಹೇಳುತ್ತೇನೆ. ನಗುವವರು ನಗಲಿ. ನೀನು ಪಕ್ಕದಲ್ಲಿ ನಿಂತರೆ ಸಾಕು, ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ.

ಬಸವಣ್ಣ ನಿನ್ನ ಕಣ್ಣು, ಕೈ ಚುರುಕಾಗಿಡಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಬರುವುದಾದರೆ ಬರುತ್ತೇನೆಂದು ಬರೆ, ಸಿಟ್ಟು ಇಳಿದಿಲ್ಲವಾದರೆ ಅದನ್ನೂ ಬರೆ. ಏನಾದರೂ ಸರಿ, ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಇಂತಿ, ತಲೆ ತಗ್ಗಿಸಿ ಬರೆದ ನಿನ್ನ ಆಯಿ,
ಸಿದ್ದಲಿಂಗವ್ವ